ಗೋಡೆಗೆ ಕಾಲು ಕೊಟ್ಟು ಒದೆಯುವ ಆ ಕಿಕ್: 24 ವರ್ಷಗಳ ನಂತರ ಬಂದ ಎರಡನೇ ಭಾಗದ ಪ್ರಕರಣ ಅಧ್ಯಯನ

ಇದು ಒಂದು ಸಾಹಸ ಚಿತ್ರದ ಎರಡನೇ ಭಾಗ ತಯಾರಾದ ಬಗೆ. ಚಿತ್ರದ ಹೆಸರು, ಭಾಷೆ, ಕಥೆ, ಪಾತ್ರದ ಕಸುಬು ಎಲ್ಲವನ್ನೂ ಮರೆಮಾಚಿದೆ. ವಯಸ್ಸು, ದಿನ, ಶಾಟ್‌ಗಳ ಲೆಕ್ಕವನ್ನು ಗುರುತು ಸಿಗದಷ್ಟು ಮಾತ್ರ ಬದಲಿಸಿದೆ. ವಯಸ್ಸಾದ ನಟರ ಜೊತೆ ಫೈಟ್ ಕಂಪೋಸ್ ಮಾಡುವವರಿಗೆ, ಶೂಟಿಂಗ್ ಯೋಜಿಸುವವರಿಗೆ, ಸಂಕಲನದ ಮೇಜಿನ ಮುಂದೆ ಕೂರುವವರಿಗೆ ಇದು ಉಪಯೋಗಕ್ಕೆ ಬರಬೇಕು.

ಹಿನ್ನೆಲೆ

ಮೊದಲ ಭಾಗ ಬಂದಾಗ ನಾಯಕನಟರಿಗೆ 38. ಎರಡನೇ ಭಾಗ ಶುರುವಾದಾಗ 62. ಮೊದಲ ಚಿತ್ರದಲ್ಲಿ ಅವರದೇ ಒಂದು ಗುರುತಿನ ಹೊಡೆತ ಇತ್ತು: ಓಡಿ ಬಂದು, ಬಲಗಾಲನ್ನು ಗೋಡೆಗೆ ಕೊಟ್ಟು, ಗಾಳಿಯಲ್ಲಿ ತಿರುಗಿ ಎಡಗಾಲಿನಿಂದ ಒದೆಯುವ ಕಿಕ್. ಪೋಸ್ಟರ್‌ನಲ್ಲಿ ಇದ್ದದ್ದೂ ಅದೇ, ಹುಡುಗರು ಶಾಲೆಯ ಕಾಂಪೌಂಡಿನ ಮೇಲೆ ಪ್ರಯೋಗ ಮಾಡಿ ಬಿದ್ದದ್ದೂ ಅದನ್ನೇ. ಹೊಸ ಚಿತ್ರಕಥೆಯ ಮೊದಲ ಕರಡಿನಲ್ಲಿ ಐದು ಫೈಟ್, ಮೂರು ಕಡೆ ಆ ಕಿಕ್.

ನಟರ ದೇಹದ ಸ್ಥಿತಿ ಹೀಗಿತ್ತು. ಬಲ ಮಂಡಿಯ ಮೆನಿಸ್ಕಸ್‌ಗೆ, ಅಂದರೆ ಕೀಲಿನ ನಡುವಿನ ಮೆತ್ತೆಗೆ, ಹಿಂದೆ ಒಮ್ಮೆ ಶಸ್ತ್ರಚಿಕಿತ್ಸೆ ಆಗಿತ್ತು. ಎಡಭುಜ ತಲೆಯಿಂದ ಮೇಲೆ ಪೂರ್ತಿ ಏಳುತ್ತಿರಲಿಲ್ಲ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ. ಇದನ್ನು ಬಿಟ್ಟರೆ ಆರೋಗ್ಯವಂತರು, ದಿನಾ ವ್ಯಾಯಾಮ ಮಾಡುವವರು. ಕನ್ನಡಿಯ ಮುಂದೆ ನಿಂತರೆ ಐವತ್ತು ಅನ್ನಬಹುದಾದ ಮೈಕಟ್ಟು. ಎಲ್ಲರೂ ಮೋಸಹೋದದ್ದು ಈ ಮೈಕಟ್ಟಿಗೇ. ಐವತ್ತು ದಾಟಿದ ಮೇಲೆ ಸ್ನಾಯುವಿನ ಪ್ರಮಾಣ ವರ್ಷಕ್ಕೆ ಸುಮಾರು 1ರಿಂದ 2 ಶೇಕಡಾ ಇಳಿಯುತ್ತದೆ. ಬಲ ಅದಕ್ಕಿಂತ ಬೇಗ ಇಳಿಯುತ್ತದೆ. ಬಲವನ್ನು ಒಂದೇ ಕ್ಷಣದಲ್ಲಿ ಹೊರಹಾಕುವ ಸಿಡಿತ ಎಲ್ಲಕ್ಕಿಂತ ಮೊದಲು ಹೋಗುತ್ತದೆ. ಜಿಮ್ಮಿನಲ್ಲಿ ಭಾರ ಎತ್ತುವವರು ಗೋಡೆಗೆ ಕಾಲು ಕೊಟ್ಟು ಏಳಲಾರದಿರುವುದು ಈ ಕಾರಣಕ್ಕೆ. ಫೋಟೋಶೂಟ್‌ನಲ್ಲಿ ಇದು ಕಾಣುವುದಿಲ್ಲ.

ಸಮಸ್ಯೆ

ಆ ನಟನ ಮುಖವನ್ನು ಜನ ನೋಡಬೇಕು, 38ರ ವೇಗವನ್ನೂ ನೋಡಬೇಕು. ತಂಡ ಇಟ್ಟುಕೊಂಡ ಗುರಿ ಇದು. ಮುಖ ಒಬ್ಬರದು, ವೇಗ ಇನ್ನೊಬ್ಬರದು ಆದಾಗ ನಡುವೆ ಬೀಳುವ ಬಿರುಕನ್ನು ಮುಚ್ಚುವುದೇ ಕೆಲಸ ಅಂದುಕೊಂಡು ಮೂರು ದಾರಿ ಹಿಡಿದರು. ಮೂರೂ ತಾಂತ್ರಿಕವಾಗಿ ಸರಿಯಾದ ದಾರಿಗಳೇ. ಮೂರೂ ಒಂದೇ ಜಾಗದಲ್ಲಿ ಸೋತವು.

ಮೊದಲ ಪ್ರಯತ್ನ: ಡ್ಯೂಪ್ ಮತ್ತು ಕತ್ತರಿ

ಗೋದಾಮಿನ ಫೈಟ್‌ಗೆ ಮೂವರು ಡ್ಯೂಪ್: ಓಟಕ್ಕೆ ಒಬ್ಬ, ಕಿಕ್‌ಗೆ ಒಬ್ಬ, ಬೀಳುವುದಕ್ಕೆ ಒಬ್ಬ. ಮೂವರೂ ಮೂವತ್ತರ ಒಳಗಿನವರು. ನಟರದು ಕ್ಲೋಸಪ್, ಸೊಂಟದಿಂದ ಮೇಲಿನ ಹೊಡೆತ, ಡೈಲಾಗ್. ಮೊದಲ ಜೋಡಣೆ 3 ನಿಮಿಷ 10 ಸೆಕೆಂಡಿಗೆ ಬಂತು, 142 ಶಾಟ್. ಸರಾಸರಿ ಒಂದು ಶಾಟ್ ಒಂದೂಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು.

ನೋಡಿದವರು ಯಾರೂ ಡ್ಯೂಪ್ ಕಂಡ ಅನ್ನಲಿಲ್ಲ, ಏನೋ ಸರಿಯಿಲ್ಲ ಅಂದರು. ಏನು ಅನ್ನುವುದನ್ನು ಸಂಕಲನಕಾರರು ಹಿಡಿದರು. ಡ್ಯೂಪ್ ನಲವತ್ತು ಅಡಿ ಓಡಿ ಬಂದು ಕಂಬದ ಹಿಂದೆ ನಿಲ್ಲುತ್ತಾನೆ. ಮುಂದಿನ ಶಾಟ್‌ನಲ್ಲಿ ನಟರ ಮುಖ, ಉಸಿರು ಶಾಂತವಾಗಿದೆ. ಹತ್ತು ನಿಮಿಷ ಕುರ್ಚಿಯಲ್ಲಿ ಕೂತು ಎದ್ದು ಬಂದವರ ಉಸಿರು ಅದು. ಓಡಿದ್ದು ಒಬ್ಬ, ದಣಿಯಬೇಕಾದದ್ದು ಇನ್ನೊಬ್ಬ, ದಣಿದವನು ಮಾತ್ರ ಯಾರೂ ಇಲ್ಲ. ಇಡೀ ಫೈಟ್‌ನಲ್ಲಿ ಯಾರ ಮೈಮೇಲೂ ಆ ಫೈಟ್‌ನ ಗುರುತು ಉಳಿದಿರಲಿಲ್ಲ.

ಇನ್ನೊಂದು ತಪ್ಪು ಶಟರ್‌ನದು. ಹೊಡೆತ ಹರಿತವಾಗಿ ಕಾಣಲೆಂದು 90 ಡಿಗ್ರಿ ಶಟರ್ ಇಟ್ಟಿದ್ದರು. ಸೆಕೆಂಡಿಗೆ 24 ಫ್ರೇಮ್ ತೆಗೆಯುವಾಗ ಅದು ಒಂದೊಂದು ಫ್ರೇಮಿಗೆ 1/96 ಸೆಕೆಂಡ್ ಮಾತ್ರ ಬೆಳಕು ಬಿಟ್ಟ ಹಾಗೆ. ವೇಗದ ಕೈಗೆ ಇದು ಚೆನ್ನ. ನಿಧಾನದ ಕೈಗೆ ಹಾಕಿದರೆ ಮಸುಕೆಲ್ಲ ಹೋಗಿ, ಮುಷ್ಟಿಗೂ ದವಡೆಗೂ ನಡುವಿನ ಖಾಲಿ ಜಾಗ ಎದ್ದು ಕಾಣುತ್ತದೆ. 180 ಡಿಗ್ರಿಯಲ್ಲಿ, ಅಂದರೆ 1/48ರಲ್ಲಿ, ಉಳಿಯುವ ಮಸುಕು ವಯಸ್ಸಾದ ಕೈಗೆ ಉಪಕಾರಿ.

ಎರಡನೇ ಪ್ರಯತ್ನ: ಮುಖ ಬದಲಿಸುವುದು

14 ಶಾಟ್‌ಗಳಲ್ಲಿ ಡ್ಯೂಪ್‌ನ ಮೈಮೇಲೆ ನಟರ ಮುಖ ಕೂರಿಸಿದರು. ಸೆಟ್ಟಿನ ಬೆಳಕನ್ನು ಸುತ್ತಲೂ ಅಳೆದು, ಡ್ಯೂಪ್‌ನ ಮುಖಕ್ಕೆ ಗುರುತಿನ ಚುಕ್ಕೆ ಇಟ್ಟು, ಅದೇ ಕೋನ ಅದೇ ಬೆಳಕಿನಲ್ಲಿ ನಟರ ಮುಖವನ್ನು ಬೇರೆಯಾಗಿ ತೆಗೆದರು. ಕತ್ತು ಮತ್ತು ದವಡೆ ಸೇರುವ ಅಂಚಿನಲ್ಲಿ ಸ್ವಲ್ಪ ತೊಂದರೆ ಬಿಟ್ಟರೆ ಗ್ರಾಫಿಕ್ಸ್ ಕೆಲಸ ಅಚ್ಚುಕಟ್ಟಾಗಿತ್ತು. ಆದರೂ ಪರೀಕ್ಷಾ ಪ್ರದರ್ಶನದಲ್ಲಿ ಕಿಕ್ ಬಂದಾಗ ಸಭೆಯಲ್ಲಿ ನಗು ಬಂತು.

ಕಾರಣ ಮುಖದಲ್ಲಿ ಇರಲಿಲ್ಲ. 1973ರಲ್ಲಿ ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೋಹಾನ್ಸನ್ ಕತ್ತಲಲ್ಲಿ ಮನುಷ್ಯನ ಕೀಲುಗಳಿಗೆ ಹತ್ತು ಹನ್ನೆರಡು ಬೆಳಕಿನ ಬಿಂದು ಕಟ್ಟಿ ನಡೆಸಿದ್ದರು. ನೋಡುಗರು ಬರೀ ಆ ಬಿಂದುಗಳ ಚಲನೆಯಿಂದ ಇದು ನಡೆಯುತ್ತಿರುವ ಮನುಷ್ಯ ಎಂದು ಕ್ಷಣದಲ್ಲಿ ಗುರುತಿಸಿದರು. 1977ರಲ್ಲಿ ಕಟ್ಟಿಂಗ್ ಮತ್ತು ಕೊಜ್ಲೋವ್ಸ್ಕಿ ಇದೇ ಬಗೆಯ ಬಿಂದುಗಳಿಂದ ಸ್ನೇಹಿತರನ್ನು ನಡಿಗೆಯಲ್ಲೇ ಗುರುತಿಸಬಹುದು ಎಂದು ತೋರಿಸಿದರು. ಎರಡು ತಾಸು ಒಬ್ಬ ನಟನನ್ನೇ ನೋಡುತ್ತ ಕೂತ ಪ್ರೇಕ್ಷಕ ಆತನ ಸೊಂಟ ತಿರುಗುವ ರೀತಿಯನ್ನು ತನಗೇ ಗೊತ್ತಿಲ್ಲದೆ ಕಲಿತಿರುತ್ತಾನೆ. ಈ ನಟರು ತಿರುಗುವಾಗ ಮೊದಲು ಪಾದ, ಆಮೇಲೆ ಸೊಂಟ, ಕೊನೆಗೆ ತಲೆ. ಡ್ಯೂಪ್ ಮೊದಲು ತಲೆ ತಿರುಗಿಸುತ್ತಿದ್ದ. ಮುಖ ಎಷ್ಟು ಸರಿಯಾಗಿ ಕೂತಷ್ಟೂ ಅದು ಬೇರೆಯವರ ಮೈ ಅನ್ನುವುದು ಹೆಚ್ಚು ಕಾಣುತ್ತಿತ್ತು.

ಮೂರನೇ ಪ್ರಯತ್ನ: ಫ್ರೇಮ್ ಇಳಿಸುವುದು

ಹಳೆಯ ಉಪಾಯ. ಕ್ಯಾಮೆರಾವನ್ನು 21 ಫ್ರೇಮ್‌ಗೆ ಇಳಿಸಿ ತೆಗೆದು 24ರಲ್ಲಿ ಓಡಿಸಿದರೆ ಚಲನೆ ಸುಮಾರು 14 ಶೇಕಡಾ ಚುರುಕಾಗುತ್ತದೆ. ಕೈಗೆ ಕೈ ಸೇರುವ ಹೊಡೆತದಲ್ಲಿ ಇದು ನಡೆಯುತ್ತದೆ, ಈಗಲೂ ಬಳಸಬಹುದು. ಆದರೆ ಏನಾದರೂ ಬೀಳುತ್ತಿದ್ದರೆ ಬೇಡ. ವೇಗ 1.14 ಪಟ್ಟು ಆದರೆ ಬೀಳುವ ವಸ್ತುವಿನ ಗುರುತ್ವ ಅದರ ವರ್ಗದಷ್ಟು, ಅಂದರೆ ಸುಮಾರು 1.3 ಪಟ್ಟು ಆದಂತೆ ಕಾಣುತ್ತದೆ. ಗೋದಾಮಿನ ಸೆಟ್ಟಿನಲ್ಲಿ ಮೂಟೆ, ಧೂಳು, ಒಡೆದ ಹಲಗೆ, ನಟರ ಕೋಟಿನ ಅಂಚು ಎಲ್ಲ ಬೀಳುತ್ತಲೇ ಇದ್ದವು. ಧೂಳು ಕಲ್ಲಿನ ಹಾಗೆ ಬಿತ್ತು.

ತಿರುವು: ಮೆಟ್ಟಿಲಿನ ಏಳನೇ ಟೇಕ್

ಹೀಗಿರುವಾಗ ಒಂದು ದಿನ ಪೆಟ್ಟಾಯಿತು. ರೋಪ್ ಇರಲಿಲ್ಲ, ಬೆಂಕಿ ಇರಲಿಲ್ಲ, ಎತ್ತರವೂ ಇರಲಿಲ್ಲ. ನಟರು ಹನ್ನೊಂದು ಮೆಟ್ಟಿಲು ಬೇಗ ಬೇಗ ಇಳಿಯಬೇಕಿತ್ತು, ಅಷ್ಟೇ. ಊಟದ ನಂತರ ಲೈಟ್ ಬದಲಿಸಲು 50 ನಿಮಿಷ ಹಿಡಿಯಿತು. ಅವರು ಮಡಚುವ ತಗ್ಗು ಕುರ್ಚಿಯಲ್ಲಿ ಕೂತಿದ್ದರು. ಎದ್ದು ಬಂದು ನೇರ ಟೇಕ್. ಏಳನೇ ಟೇಕಿನಲ್ಲಿ ಒಂಬತ್ತನೇ ಮೆಟ್ಟಿಲಲ್ಲಿ ಎಡ ಮೀನಖಂಡ ಹಿಡಿಯಿತು. ಅವರು ಕಟಕಟೆ ಹಿಡಿದು ನಿಂತು, "ಮಾಸ್ಟ್ರೇ, ಕಾಲಿಗೆ ಯಾರೋ ಕಲ್ಲು ಹೊಡೆದ ಹಾಗಾಯ್ತು" ಅಂದರು. ಮೀನಖಂಡದ ಎಳೆ ಹರಿದವರು ಎಲ್ಲ ಕಡೆ ಹೇಳುವ ಮಾತು ಇದೇ. ಅದು ಕೇಳಿಸಿದ ತಕ್ಷಣ ಕೆಲಸ ನಿಲ್ಲಿಸಬೇಕು, ನಿಲ್ಲಿಸಿದರು.

ಮೆಟ್ಟಿಲು ಇಳಿಯುವಾಗ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ಹತ್ತುವುದಕ್ಕಿಂತ ಇಳಿಯುವುದರಲ್ಲಿ ಎಳೆಗೆ ಪೆಟ್ಟು ಜಾಸ್ತಿ. ತಣ್ಣಗಾದ ಸ್ನಾಯು, ಏಳನೇ ಸಲ, ಮೇಲಾಗಿ ಬಲ ಮಂಡಿಯನ್ನು ಉಳಿಸಲು ಎಡಗಾಲಿಗೇ ಭಾರ ಹಾಕುವ ಅಭ್ಯಾಸ. ಮೂರೂ ಕೂಡಿ ಬಂದವು. ದೊಡ್ಡ ಸ್ಟಂಟ್‌ಗೆ ಎಲ್ಲರೂ ಎಚ್ಚರವಾಗಿರುತ್ತಾರೆ, ಪೆಟ್ಟು ಬರುವುದು ಎಚ್ಚರ ತಪ್ಪಿದ ಕಡೆ. ಇಂಡಿಯಾನಾ ಜೋನ್ಸ್ ಸರಣಿಯ 2023ರ ಚಿತ್ರದ ಕೆಲಸದಲ್ಲೂ ಹ್ಯಾರಿಸನ್ ಫೋರ್ಡ್ ಅವರ ಭುಜಕ್ಕೆ ಪೆಟ್ಟಾದದ್ದು 2021ರಲ್ಲಿ ಒಂದು ಹೊಡೆದಾಟದ ತಾಲೀಮಿನಲ್ಲಿ.

ಮಾತ್ರೆಯ ವಿಷಯವೂ ಹೊರಬಂತು. ತರಬೇತುದಾರರು ಕೈಗಡಿಯಾರದ ನಾಡಿಬಡಿತ ನೋಡಿ ವಿಶ್ರಾಂತಿ ಕೊಡುತ್ತಿದ್ದರು. 208ರಿಂದ ವಯಸ್ಸಿನ 0.7 ಪಟ್ಟು ಕಳೆಯುವ ಸೂತ್ರದಂತೆ 62ಕ್ಕೆ ಗರಿಷ್ಠ ಬಡಿತ ಸುಮಾರು 165, ಅದರ 80 ಶೇಕಡಾ 132. ಗಡಿಯಾರ 112 ತೋರಿಸುತ್ತಿದ್ದರಿಂದ ಇನ್ನೂ ಶಕ್ತಿ ಇದೆ ಅಂದುಕೊಂಡಿದ್ದರು. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರ ನಾಡಿ ಎಷ್ಟೇ ದಣಿದರೂ ಅಷ್ಟು ಏರುವುದಿಲ್ಲ. ಗಡಿಯಾರದ ಲೆಕ್ಕ ಮೊದಲಿನಿಂದಲೂ ತಪ್ಪಿತ್ತು. ವೈದ್ಯರು ಅದನ್ನು ಬಿಡಿಸಿ ಮಾತಿನ ಪರೀಕ್ಷೆ ಇಟ್ಟರು: ಟೇಕ್ ಮುಗಿದ ಕೂಡಲೇ ಏಳೆಂಟು ಪದದ ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಲಾಗದಿದ್ದರೆ ಮುಂದಿನ ಟೇಕ್ ಇಲ್ಲ.

ಕೆಲಸ ನಿಂತ 17 ದಿನ

ಚಿತ್ರ ಬದಲಾದದ್ದು ಈ 17 ದಿನಗಳಲ್ಲಿ. ನಿರ್ದೇಶಕರು, ಫೈಟ್ ಮಾಸ್ಟರ್, ಛಾಯಾಗ್ರಾಹಕರು, ಸಂಕಲನಕಾರರು, ಫಿಸಿಯೋ ಒಟ್ಟಿಗೆ ಕೂತದ್ದು ಇದೇ ಮೊದಲ ಸಲ. ಅಲ್ಲಿಯವರೆಗೆ ಫಿಸಿಯೋ ಅಂದರೆ ಸಂಜೆ ಕಾಲು ಒತ್ತುವವರು ಅನ್ನುವಂತಿತ್ತು.

ಮೊದಲು ಒಂದು ಚಲನೆಯ ಪಟ್ಟಿ ಮಾಡಿದರು. ನಟರು ಎದ್ದು ಓಡಾಡುವಂತಾದ ಮೇಲೆ ತಾಲೀಮು ಹಾಲಿನಲ್ಲಿ 50 ಎಂಎಂ ಲೆನ್ಸ್ ಎದೆಯ ಎತ್ತರಕ್ಕೆ ಇಟ್ಟು 41 ಚಲನೆಗಳನ್ನು ತೆಗೆದರು. ಎದ್ದು ನಿಲ್ಲುವುದು, ಕೂರುವುದು, ಎಡಕ್ಕೆ ತಿರುಗುವುದು, ಬಲಕ್ಕೆ ತಿರುಗುವುದು, ಮೊಣಕೈಯಿಂದ ತಳ್ಳುವುದು, ಕಾಲರ್ ಹಿಡಿದು ಎಳೆಯುವುದು, ಒಂದು ಮಂಡಿ ಊರುವುದು, ಹೀಗೆ. ಕಾಲಿನ ಕೆಲವನ್ನು ಅರ್ಧ ವೇಗದಲ್ಲಿ ಮಾತ್ರ. ನೋಡಿ ಮೂರು ಪಾಲು ಮಾಡಿದರು. ಆರು ಟೇಕ್ ಮಾಡಬಹುದಾದವು 22. ಮೂರೇ ಟೇಕ್ ಅನ್ನುವವು 11. ಅವರು ಮಾಡಲೇಬಾರದವು 8. ಗೋಡೆಯ ಕಿಕ್, ಹಿಂದಕ್ಕೆ ಬೀಳುವುದು, ಬಲ ಮಂಡಿ ಊರುವುದು, ವೇಗವಾಗಿ ಮೆಟ್ಟಿಲಿಳಿಯುವುದು ಈ ಎಂಟರಲ್ಲಿ ಬಂದವು.

ಪಟ್ಟಿಯಲ್ಲಿ ಯಾರೂ ನಿರೀಕ್ಷಿಸದ ಒಂದು ವಿಷಯ ಇತ್ತು. ಅವರ ಹಿಡಿತ. ಮುಂಗೈ, ಬೆರಳು, ಮೊಣಕೈ ಇನ್ನೂ ಗಟ್ಟಿ. ಕಾಲರ್ ಹಿಡಿದು ಅರ್ಧ ಹೆಜ್ಜೆ ಎಡಕ್ಕೆ ತಿರುಗಿದಾಗ ಎದುರಿದ್ದ ಮೂವತ್ತರ ಫೈಟರ್ ನಿಜವಾಗಿಯೇ ಮುಗ್ಗರಿಸಿದ. ಆ ತುಣುಕನ್ನು ಮತ್ತೆ ಮತ್ತೆ ನೋಡಿ ಫೈಟ್ ಮಾಸ್ಟರ್ ಹಳೆಯ ಕಂಪೋಸಿಂಗ್ ಅನ್ನು ಪೂರ್ತಿ ಕೈಬಿಟ್ಟರು.

ಹೊಸ ವ್ಯಾಕರಣ ಹೀಗಾಯಿತು. ನಾಯಕ ಎರಡು ಹೆಜ್ಜೆಗಿಂತ ಹೆಚ್ಚು ಚಲಿಸುವುದಿಲ್ಲ, ವೈರಿಗಳು ಅವನ ಹತ್ತಿರ ಬರಬೇಕು. ಬೆನ್ನಿಗೆ ಗೋಡೆ ಅಥವಾ ಮೇಜು ಇರುವ ಜಾಗವನ್ನು ಮೊದಲೇ ಹುಡುಕಿ ನಿಲ್ಲುತ್ತಾನೆ. ಅದು ಅನುಭವಸ್ಥನ ಲಕ್ಷಣವಾಗಿಯೂ ಕಾಣುತ್ತದೆ. ಒಬ್ಬನ ಜೊತೆ ಮೂರೇ ಚಲನೆ: ಹಿಡಿತ, ತಿರುವು, ಮುಕ್ತಾಯ. ಪ್ರತಿ ಇಬ್ಬರ ನಂತರ ಅವನು ಉಸಿರು ತೆಗೆದುಕೊಳ್ಳುವ ಎರಡು ಸೆಕೆಂಡ್ ಕಂಪೋಸಿಂಗ್‌ನಲ್ಲೇ ಬರೆದಿರುತ್ತದೆ, ಅದನ್ನು ಸಂಕಲನದಲ್ಲಿ ಕತ್ತರಿಸುವ ಹಾಗಿಲ್ಲ.

ಇದರಿಂದ ಭಾರವೆಲ್ಲ ಪೆಟ್ಟು ತಿನ್ನುವವರ ಮೇಲೆ ಬಿತ್ತು. ಹೊಡೆತದ ಬಲ ಕಾಣುವುದು ಹೊಡೆಯುವವನ ಕೈಯಲ್ಲಿ ಅಲ್ಲ, ತಿನ್ನುವವನ ಕತ್ತು, ಭುಜ, ಕಾಲಿನಲ್ಲಿ. ಇಪ್ಪತ್ತು ಜನ ಫೈಟರ್‌ಗಳ ಬದಲು ಬೀಳುವುದರಲ್ಲಿ ಪಳಗಿದ ಆರು ಜನರನ್ನು ಇಟ್ಟುಕೊಂಡರು. ಅವರಿಗೆ ಅಂಗಿಯ ಒಳಗೆ 12 ಎಂಎಂ ಫೋಮ್, ಮೊಣಕೈಗೆ ಸೊಂಟಕ್ಕೆ ಪ್ಯಾಡ್. ಮೊದಲಿನ 75 ಎಂಎಂ ಉದ್ದ ಲೆನ್ಸ್‌ನಲ್ಲಿ ಮುಷ್ಟಿ ದವಡೆಯಿಂದ ಒಂದು ಗೇಣು ಆಚೆ ಹೋದರೂ ತಾಗಿದಂತೆ ಕಾಣುತ್ತಿತ್ತು. ಈಗ 40 ಎಂಎಂ, ಸೊಂಟದ ಎತ್ತರ, ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲುವ ಶಾಟ್. ಇಲ್ಲಿ ಆ ಮೋಸ ನಡೆಯುವುದಿಲ್ಲ. ಹಾಗಾಗಿ ಮುಖಕ್ಕೆ ಹೊಡೆತ ಬಿಟ್ಟು ಎದೆ, ಪಕ್ಕೆ, ಮುಂಗೈಗೆ ನಿಜವಾಗಿ ತಾಗುವ, ಫೋಮ್ ಮೇಲೆ ಬೀಳುವ ಹೊಡೆತಗಳನ್ನೇ ಇಟ್ಟರು. ನಟರು ನಿಂತಲ್ಲೇ ಇರುವುದರಿಂದ ಕ್ಯಾಮೆರಾ ಅವರ ಸುತ್ತ ಅರ್ಧ ವೃತ್ತ ನಡೆಯುತ್ತದೆ. ಚಲನೆಯ ಅನುಭವ ಅಲ್ಲಿಂದ ಬರುತ್ತದೆ. ಹೊಸ ಗೋದಾಮಿನ ಫೈಟ್ 2 ನಿಮಿಷ 50 ಸೆಕೆಂಡ್, 47 ಶಾಟ್.

ಕಿಕ್ ಅನ್ನು ಏನು ಮಾಡುವುದು

ಎಲ್ಲಕ್ಕಿಂತ ಹೆಚ್ಚು ಜಗಳ ನಡೆದದ್ದು ಇದರ ಮೇಲೆ. ಬಿಟ್ಟುಬಿಡಿ ಅಂದವರು ಇದ್ದರು. ಒಂದೇ ಸಲ ಡ್ಯೂಪ್ ಕೈಯಲ್ಲಿ ಮಾಡಿಸಿ ಕತ್ತಲಲ್ಲಿ ತೋರಿಸೋಣ ಅಂದವರು ಇದ್ದರು. ಫೈಟ್ ಮಾಸ್ಟರ್ ಹೇಳಿದ್ದು ಬೇರೆ: ಅವನು ಆ ಕಿಕ್‌ಗೆ ಓಡಲಿ, ಕಾಲು ಗೋಡೆಗೆ ಕೊಡಲಿ, ಅದು ಆಗದಿರಲಿ.

ನಟರು ಒಪ್ಪಲಿಲ್ಲ. "ನಾನು ಸೋಲೋದನ್ನ ನೋಡೋಕೆ ಜನ ಟಿಕೆಟ್ ತಗೋತಾರಾ ಮಾಸ್ಟ್ರೇ?" ಅಂದರು. ಮಾಸ್ಟರ್ ಅಂದದ್ದು ಇಷ್ಟೇ: "ಸೋಲೋದಲ್ಲ ಅಣ್ಣಾ. ಆಮೇಲೆ ನೀವು ಏನು ಮಾಡ್ತೀರಿ ಅಂತ ನೋಡೋಕೆ." ನಿರ್ಮಾಪಕರಿಗೂ ಭಯ ಇತ್ತು. ಆಗ ತಂಡ ನೆನಪಿಸಿಕೊಂಡದ್ದು ಸಿಲ್ವೆಸ್ಟರ್ ಸ್ಟಲೋನ್ ಅರವತ್ತರ ಆಸುಪಾಸಿನಲ್ಲಿ ಮಾಡಿದ, 2006ರಲ್ಲಿ ಬಂದ ರಾಕಿ ಬಾಲ್ಬೋವಾ ಎಂಬ ಬಾಕ್ಸಿಂಗ್ ಚಿತ್ರವನ್ನು. ಅದರಲ್ಲಿ ಗುರು ಮೊದಲು ಈ ದೇಹಕ್ಕೆ ವೇಗ ಯಾಕೆ ಸಾಧ್ಯವಿಲ್ಲ ಎಂದು ಕೀಲು ಕೀಲಾಗಿ ಎಣಿಸುತ್ತಾನೆ, ಆಮೇಲೆ ಉಳಿದಿರುವುದು ಭಾರದ ಹೊಡೆತ ಎಂದು ತರಬೇತಿಯನ್ನು ಅದರ ಸುತ್ತ ಕಟ್ಟುತ್ತಾನೆ. ಪ್ರೇಕ್ಷಕನ ಮುಂದೆ ಲೆಕ್ಕ ಒಪ್ಪಿಸಿದ ಮೇಲೆ ಅವನು ಅನುಮಾನ ಪಡುವುದನ್ನು ಬಿಡುತ್ತಾನೆ. ಎರಡು ದಿನ ಯೋಚಿಸಿ ನಟರು ಹೂಂ ಅಂದರು. ಒಂದು ಷರತ್ತು: ಕಾಲು ಜಾರುವುದನ್ನು ತಾವೇ ಮಾಡಬೇಕು, ಡ್ಯೂಪ್ ಬೇಡ.

ತೆಗೆದ ರೀತಿ ಹೀಗೆ. ಮೊದಲ ಭಾಗದಲ್ಲಿ ಕಾಲು ಬೀಳುತ್ತಿದ್ದ ಜಾಗ ನೆಲದಿಂದ 110 ಸೆಂ.ಮೀ. ಈಗ 40 ಸೆಂ.ಮೀ. ಬಲಗಾಲಿನ ಬದಲು ಎಡಗಾಲು. ಪ್ಲೈವುಡ್ ಗೋಡೆಗೆ ಪಾದ ಬೀಳುವಲ್ಲಿ ರಬ್ಬರ್ ಹಾಳೆ ಅಂಟಿಸಿ ಗೋಡೆಯ ಬಣ್ಣವನ್ನೇ ಬಳಿದರು. ಸೊಂಟದ ಬೆಲ್ಟ್‌ಗೆ ಎರಡು ಕಡೆ ರೋಪ್. ಅದು ಎತ್ತುವುದಕ್ಕಲ್ಲ, ಕಾಲು ಕೈಕೊಟ್ಟರೆ ಹಿಡಿಯುವುದಕ್ಕೆ, 20 ಕೆ.ಜಿ.ಯಷ್ಟು ಭಾರ ಮಾತ್ರ ಹೊರುವಂತೆ ಬಿಗಿದದ್ದು. ಓಟ ಹತ್ತು ಅಡಿ, ಅದೂ ಮುಕ್ಕಾಲು ವೇಗ. ಮೂರು ಟೇಕ್ ಅಂತ ಮೊದಲೇ ಬರೆದಿಟ್ಟರು, ಎರಡರಲ್ಲಿ ಮುಗಿಯಿತು. ಪಾದ ಗೋಡೆಗೆ ತಾಗುತ್ತದೆ, ಮೈ ಏಳುವುದಿಲ್ಲ, ಅಂಗೈ ಗೋಡೆಗೆ ಬಡಿಯುತ್ತದೆ. ಅವನು ಗೋಡೆಯನ್ನು ನೋಡುತ್ತಾನೆ. ಬೆನ್ನಿಗೆ ಏಟು ಬೀಳುತ್ತದೆ.

ಕ್ಲೈಮ್ಯಾಕ್ಸ್‌ನಲ್ಲಿ ಅದೇ ಗೋಡೆ, ಅದೇ ಪಾದ. ಈ ಸಲ ಅವನು ನೆಲದ ಮೇಲೆ ಕೂತಿದ್ದಾನೆ, ಗೋಡೆಗೆ ಕಾಲು ಕೊಟ್ಟು ಭಾರದ ಮೇಜನ್ನು ಬೆನ್ನಿನಿಂದ ತಳ್ಳುತ್ತಾನೆ. ಮೇಜಿನ ಕಾಲಿಗೆ ಕಾಣದ ಚಕ್ರ, ಎಳೆಯಲು ಆಚೆ ಇಬ್ಬರು. ಮೊದಲ ಭಾಗದ ಎಂಟ್ರಿ ಸಂಗೀತವನ್ನು ಗೋದಾಮಿನ ಕಿಕ್‌ಗೆ ಹಾಕಿದ್ದರು, ಅದನ್ನು ತೆಗೆದು ಇಲ್ಲಿಗೆ ತಂದರು. ಕಿಕ್ ಸೋಲುವಾಗ ಸಂಗೀತವೇ ಇಲ್ಲ.

ಸೆಟ್ಟಿನ ದಿನಚರಿ

ಬೆಳಿಗ್ಗೆ 25 ನಿಮಿಷ ಮೈ ಬಿಸಿಮಾಡುವುದು: 8 ನಿಮಿಷ ನಡಿಗೆ, 7 ನಿಮಿಷ ಕೀಲು ಆಡಿಸುವುದು, 10 ನಿಮಿಷ ಆ ದಿನದ ಚಲನೆಗಳೇ ಅರ್ಧ ವೇಗದಲ್ಲಿ. ಟೇಕ್‌ಗಳ ನಡುವೆ 15 ನಿಮಿಷ ಮೀರಿದರೆ ಮತ್ತೆ 6 ನಿಮಿಷ. ತಗ್ಗು ಕುರ್ಚಿ ತೆಗೆಸಿ ಎತ್ತರದ ಸ್ಟೂಲ್ ಹಾಕಿಸಿದರು. ನಟರ ಕಷ್ಟದ ಚಲನೆ ಮೊದಲ ಎರಡು ತಾಸಿನಲ್ಲಿ ಮುಗಿಯಬೇಕು. ಎದುರಾಳಿಗಳ ಕಡೆ ತಿರುಗಿದ ಶಾಟ್‌ಗಳು ಮಧ್ಯಾಹ್ನ, ಆಗ ಮುಂದೆ ಕಾಣುವ ಭುಜ ಡ್ಯೂಪ್‌ನದು. ಎರಡು ದಿನ ಫೈಟ್ ಆದರೆ ಮೂರನೇ ದಿನ ಮಾತಿನ ದೃಶ್ಯ. ಯೋಜನೆಗಿಂತ ನಾಲ್ಕು ದಿನ ಹೆಚ್ಚಾಯಿತು. ಮುಖ ಬದಲಿಸುವ ಗ್ರಾಫಿಕ್ಸ್ 14 ಶಾಟ್‌ನಿಂದ ಎರಡಕ್ಕೆ ಇಳಿಯಿತು.

ಡ್ಯೂಪ್‌ನನ್ನು ಬಿಡಲಿಲ್ಲ, ಬದಲಿಸಿದರು. ಮೂವರು ಹುಡುಗರ ಜಾಗಕ್ಕೆ 47ರ ಒಬ್ಬ ಅನುಭವಿ ಬಂದರು. ಮುಖದ ಹೋಲಿಕೆ ಅಷ್ಟಕ್ಕಷ್ಟೆ. ಆರು ದಿನ ನಟರ ನಡಿಗೆ ನೋಡಿ ಕಲಿತರು: ಎಡಗಾಲಿಗೆ ಭಾರ, ತಿರುಗುವಾಗ ಮೊದಲು ಪಾದ, ಏಳುವಾಗ ತೊಡೆಗೆ ಅಂಗೈ. ಒಂಬತ್ತು ಶಾಟ್‌ಗಳಲ್ಲಿ ಅವರಿದ್ದಾರೆ, ಎಲ್ಲವೂ ಹಿಂದಿನಿಂದ ಅಥವಾ ಬೀಳುವವು.

ಚಿಕ್ಕ ವಯಸ್ಸಿನ ಫ್ಲ್ಯಾಶ್‌ಬ್ಯಾಕ್ ಆರು ನಿಮಿಷದ್ದು 48 ಸೆಕೆಂಡ್ ಆಯಿತು. ಪಾತ್ರ ಕೂತಿರುತ್ತದೆ, ಮಾತಿಲ್ಲ. ಮುಖವನ್ನು ಎಳೆಯದು ಮಾಡಬಹುದು, ದನಿ ಮತ್ತು ಏಳುವ ರೀತಿ ಕೈಕೊಡುತ್ತವೆ.

ಉಸಿರಿನ ದನಿಗೆ ಡಬ್ಬಿಂಗ್‌ನಲ್ಲಿ ಬೇರೆ ಸಮಯ ಇಟ್ಟರು. ಕೂತು ಉಸಿರಾಡಿದರೆ ನಟನೆಯೆಂದು ಗೊತ್ತಾಗುತ್ತದೆ. ಅವರು ಮೈಕಿನ ಮುಂದೆ ಒಂದು ನಿಮಿಷ ನಿಂತಲ್ಲೇ ನಡೆದು, ನಿಂತು, ಆಮೇಲೆ ಉಸಿರು ಕೊಟ್ಟರು. ಮುಗಿದ ಫೈಟ್‌ನಲ್ಲಿ ಮುಷ್ಟಿಯ ಸದ್ದಿಗಿಂತ ಆ ಉಸಿರು ಮೇಲೆ ಇದೆ.

ಫಲ

ಎರಡನೇ ಪರೀಕ್ಷಾ ಪ್ರದರ್ಶನದಲ್ಲಿ ಗೋಡೆಗೆ ಕಾಲು ಬಿದ್ದಾಗ ನಗು ಬರಲಿಲ್ಲ, ಸಭೆ ಸುಮ್ಮನಾಯಿತು. ಮೇಜು ತಳ್ಳುವಾಗ ಮೊದಲ ಸೀಟಿ ಬಿತ್ತು, ಅದೂ ಪಾದ ಗೋಡೆಗೆ ತಾಗಿದ ಕ್ಷಣಕ್ಕೇ. ಮೊದಲ ಭಾಗ ನೋಡದ ಹುಡುಗರಿಗೂ ಅದು ಯಾಕೆ ಮುಖ್ಯ ಎಂದು ಗೊತ್ತಾಗಿತ್ತು. ಗೋದಾಮಿನಲ್ಲಿ ಸೋತದ್ದನ್ನು ಅವರು ಕಂಡಿದ್ದರು.

ಎಲ್ಲವೂ ಸರಿಹೋಗಲಿಲ್ಲ. ಉಳಿದ ಎರಡು ಮುಖದ ಶಾಟ್‌ಗಳನ್ನು ಜನ ಈಗಲೂ ಗುರುತಿಸುತ್ತಾರೆ. ಮೆಟ್ಟಿಲಿನ ಬೆನ್ನಟ್ಟುವಿಕೆ ಹಳೆಯ ವ್ಯಾಕರಣದಲ್ಲೇ ತೆಗೆದದ್ದು, ಮತ್ತೆ ತೆಗೆಯಲು ಸೆಟ್ ಇರಲಿಲ್ಲ. ಇಲ್ಲಿನ ಪಾಠ ಚಿತ್ರಕಥೆಯವರಿಗೆ ಸೇರಿದ್ದು: 41 ಚಲನೆಗಳ ಪಟ್ಟಿ ಮೊದಲ ಕರಡಿಗೂ ಮುಂಚೆ ಆಗಿದ್ದರೆ ಆ ಮೆಟ್ಟಿಲೇ ಕಥೆಯಲ್ಲಿ ಇರುತ್ತಿರಲಿಲ್ಲ. ಪಟ್ಟಿ ಮಾಡಲು ಹಿಡಿದದ್ದು ಒಂದೂವರೆ ದಿನ.

ಆ ಮೆಟ್ಟಿಲಿನ ಬಗ್ಗೆ ಕೊನೆಯ ವಾದ ಸಂಕಲನದಲ್ಲಿ ನಡೆಯಿತು. ಏಳನೇ ಟೇಕ್ ಅದ್ಭುತವಾಗಿತ್ತು. ಮೀನಖಂಡ ಹಿಡಿದಾಗ ನಟರ ಮುಖದಲ್ಲಿ ಬಂದ ನೋವು, ಕಟಕಟೆ ಹಿಡಿದ ಕೈ, ಯಾವ ನಟನೆಯೂ ಅಷ್ಟು ಕೊಡುವುದಿಲ್ಲ. ನಿರ್ದೇಶಕರು ಅದನ್ನೇ ಇಡೋಣ ಅಂದರು, ನಟರೂ ಅಡ್ಡಿ ಹೇಳಲಿಲ್ಲ. ಬೇಡ ಅಂದದ್ದು ಫೈಟ್ ಮಾಸ್ಟರ್. ಪೆಟ್ಟಾದ ಟೇಕ್ ಪರದೆಗೆ ಹೋದರೆ, ಮುಂದಿನ ಸೆಟ್ಟಿನಲ್ಲಿ ನೋವಾದಾಗ ಯಾರೂ ಕೈ ಎತ್ತುವುದಿಲ್ಲ, ಎಲ್ಲರೂ ಕ್ಯಾಮೆರಾ ಕಡೆ ನೋಡುತ್ತಾರೆ ಅನ್ನುವುದು ಅವರ ಮಾತು. ಅರ್ಧ ತಾಸು ಯಾರೂ ಏನೂ ಹೇಳಲಿಲ್ಲ. ಸಂಕಲನಕಾರರು 58 ಸೆಕೆಂಡಿನ ದೃಶ್ಯವನ್ನು 21ಕ್ಕೆ ಇಳಿಸಿ, ನಾಲ್ಕನೇ ಟೇಕ್ ಹಾಕಿದರು.